ಕೂನೂರಿನಿಂದ ಬಂದ ಟಮರಿಲೊ, ಹೈದರಾಬಾದಿನಿಂದ ಬಂದ ಬ್ಲ್ಯಾಕ್‌ಬೆರಿ

ಕಳೆದ ದೀಪಾವಳಿ ಮುಗಿದ ವಾರದಲ್ಲಿ ಕಲಬುರಗಿಯ ನಮ್ಮ ಮನೆಗೆ ಎರಡು ಅಪರೂಪದ ಹಣ್ಣುಗಳು ಬಂದವು. ನೀಲಗಿರಿಗೆ ಪ್ರವಾಸ ಹೋಗಿದ್ದ ತಂಗಿ ಕೂನೂರಿನ ರಸ್ತೆ ಬದಿಯಲ್ಲಿ ಕೊಂಡ ಒಂದು ಕಿಲೋ ಟಮರಿಲೊ ತಂದಳು. ಹೈದರಾಬಾದಿನಲ್ಲಿ ಕೆಲಸ ಮಾಡುವ ಅಳಿಯ ಥರ್ಮಾಕೋಲ್ ಡಬ್ಬಿಯಲ್ಲಿ ಹೆಪ್ಪುಗಟ್ಟಿಸಿದ ಬ್ಲ್ಯಾಕ್‌ಬೆರಿ ತಂದರು. ಸಕ್ಕರೆ ಕಾಯಿಲೆಯಿರುವ ನಮ್ಮ ಅವ್ವ ಎರಡನ್ನೂ ನೋಡಿ, “ಇದರಾಗ ನಾ ಯಾವುದು ತಿನ್ನಬೇಕು?” ಎಂದು ಕೇಳಿದರು. ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕೆಂದೇ ಈ ಎರಡೂ ಹಣ್ಣುಗಳ ಬಗ್ಗೆ ಕುಳಿತು ಓದಿದೆ.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಬೇಕು. ಬ್ಲ್ಯಾಕ್‌ಬೆರಿ ಎಂದರೆ ನಮ್ಮ ನೇರಳೆ ಹಣ್ಣೇ ಎಂದು ಬಹಳ ಜನ ತಿಳಿದಿದ್ದಾರೆ. ನೇರಳೆಯನ್ನು ‘ಇಂಡಿಯನ್ ಬ್ಲ್ಯಾಕ್‌ಬೆರಿ’ ಎಂದು ಕರೆಯುವ ರೂಢಿಯೇ ಇದಕ್ಕೆ ಕಾರಣ. ಆದರೆ ನೇರಳೆ ದೊಡ್ಡ ಮರದ ಹಣ್ಣು, ಒಳಗೆ ಒಂದೇ ಬೀಜ. ಬ್ಲ್ಯಾಕ್‌ಬೆರಿಯಾದರೋ ಗುಲಾಬಿಯ ಕುಟುಂಬಕ್ಕೆ ಸೇರಿದ ಮುಳ್ಳುಪೊದೆಯ ಹಣ್ಣು; ಒಂದೊಂದರಲ್ಲೂ ಒಂದು ಬೀಜವಿರುವ ಹತ್ತಾರು ಪುಟ್ಟ ಗುಳ್ಳೆಗಳು ಒತ್ತಾಗಿ ಕೂಡಿ ಒಂದು ಹಣ್ಣಾಗಿರುತ್ತದೆ. ಟಮರಿಲೊ ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಮೂಲದ್ದು, ಟೊಮ್ಯಾಟೊ, ಬದನೆ, ಮೆಣಸಿನಕಾಯಿಗಳ ಬಳಗದ್ದು. ಮೊಟ್ಟೆಯಾಕಾರದ ಈ ಹಣ್ಣನ್ನು ನೀಲಗಿರಿಯಲ್ಲಿ ಇಂದಿಗೂ ‘ಟ್ರೀ ಟೊಮ್ಯಾಟೊ’ ಎಂದೇ ಮಾರುತ್ತಾರೆ. ಟಮರಿಲೊ ಎಂಬುದು 1967ರಲ್ಲಿ ನ್ಯೂಜಿಲೆಂಡಿನವರು ವ್ಯಾಪಾರಕ್ಕಾಗಿ ಇಟ್ಟ ಹೆಸರು. ಸಸ್ಯಶಾಸ್ತ್ರದ ಪ್ರಕಾರ ಟಮರಿಲೊ ನಿಜವಾದ ಬೆರಿ (ಹೂವಿನ ಒಂದೇ ಅಂಡಾಶಯದಿಂದ ಬೆಳೆದ, ತಿರುಳಿನೊಳಗೆ ಬೀಜಗಳಿರುವ ಹಣ್ಣು), ಹೆಸರಿನಲ್ಲೇ ಬೆರಿಯಿರುವ ಬ್ಲ್ಯಾಕ್‌ಬೆರಿ ಅಲ್ಲ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಇನ್ನು ಪೋಷಕಾಂಶ. ನೂರು ಗ್ರಾಂ ಬ್ಲ್ಯಾಕ್‌ಬೆರಿಯಲ್ಲಿ ಸುಮಾರು 43 ಕಿಲೊಕ್ಯಾಲರಿ ಶಕ್ತಿ, 5 ಗ್ರಾಂಗಿಂತ ತುಸು ಹೆಚ್ಚು ನಾರು, ಹತ್ತಿರ ಹತ್ತಿರ 5 ಗ್ರಾಂ ಸಕ್ಕರೆ, 21 ಮಿಲಿಗ್ರಾಂ ವಿಟಮಿನ್ ಸಿ, 160 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತವೆ. ಮ್ಯಾಂಗನೀಸ್ ಮತ್ತು ವಿಟಮಿನ್ ಕೆ ಕೂಡ ಚೆನ್ನಾಗಿಯೇ ಸಿಗುತ್ತವೆ. ಅಷ್ಟೇ ತೂಕದ ಟಮರಿಲೊದಲ್ಲಿ ಶಕ್ತಿ ಇನ್ನೂ ಕಡಿಮೆ, ನಾರು ಸುಮಾರು 3 ಗ್ರಾಂ, ವಿಟಮಿನ್ ಸಿ ಸುಮಾರು 30 ಮಿಲಿಗ್ರಾಂ. ಪೊಟ್ಯಾಸಿಯಂ ಮಾತ್ರ 300 ಮಿಲಿಗ್ರಾಂ ದಾಟುತ್ತದೆ, ಅಂದರೆ ಬ್ಲ್ಯಾಕ್‌ಬೆರಿಗಿಂತ ಹೆಚ್ಚುಕಡಿಮೆ ಇಮ್ಮಡಿ. ಮೂತ್ರಪಿಂಡದ ತೊಂದರೆಯಿಂದಾಗಿ ಪೊಟ್ಯಾಸಿಯಂ ಮಿತಿಯಲ್ಲಿರಬೇಕೆಂದು ವೈದ್ಯರು ಹೇಳಿರುವವರು ಈ ಒಂದು ಅಂಕಿಯನ್ನು ಗಮನಿಸಲೇಬೇಕು. ವಿಟಮಿನ್ ಸಿ ಒಂದನ್ನೇ ನೋಡುವವರಿಗೆ, ಚಳಿಗಾಲದಲ್ಲಿ ನಮ್ಮ ತಳ್ಳುಗಾಡಿಗಳಲ್ಲಿ ರಾಶಿ ಬೀಳುವ ಪೇರಲ ಹಣ್ಣು ಇವೆರಡಕ್ಕಿಂತಲೂ ಎಷ್ಟೋ ಮುಂದೆ. ನೂರು ಗ್ರಾಂ ಪೇರಲದಲ್ಲಿ ಅದು 200 ಮಿಲಿಗ್ರಾಂ ಮೀರುತ್ತದೆ.

ಆದರೆ ಈ ಸತ್ವಗಳು ಹಣ್ಣಿನ ಯಾವ ಭಾಗದಲ್ಲಿವೆ ಎಂಬುದನ್ನು ತಿಳಿಯದಿದ್ದರೆ ಅಂಕಿಗಳಿಂದ ಪ್ರಯೋಜನವಿಲ್ಲ. ಬ್ಲ್ಯಾಕ್‌ಬೆರಿಯ ನಾರಿನ ದೊಡ್ಡ ಪಾಲು ಅದರ ಗಟ್ಟಿ ಬೀಜಗಳಲ್ಲಿಯೇ ಇದೆ. ರುಬ್ಬಿ, ಸೋಸಿ, ಶರಬತ್ತು ಮಾಡಿದರೆ ನಾರೆಲ್ಲ ಜರಡಿಯಲ್ಲೇ ಉಳಿದು ಲೋಟಕ್ಕೆ ಬಣ್ಣ ಮತ್ತು ಸಿಹಿ ಮಾತ್ರ ಬರುತ್ತವೆ. ಆ ಕಡುಬಣ್ಣ ಆಂಥೊಸಯಾನಿನ್ ಎಂಬ ವರ್ಣದ್ರವ್ಯದ್ದು. ಹುಳಿಯಲ್ಲಿ ಕೆಂಪಾಗುವ, ಕ್ಷಾರದಲ್ಲಿ ನೀಲಿಯಾಗುವ ಇದರ ಗುಣವನ್ನು ಅಡುಗೆಮನೆಯಲ್ಲೇ ಕಂಡೆ: ಮೊಸರಿಗೆ ಹಾಕಿದ ಹಣ್ಣಿನ ರಸ ಗುಲಾಬಿ ಬಣ್ಣಕ್ಕೆ ತಿರುಗಿತು, ಕೈಗಂಟಿದ ಕಲೆ ಸಾಬೂನು ತಾಗಿದೊಡನೆ ನೀಲಿಯಾಯಿತು. ಕೆಂಪು ಟಮರಿಲೊದಲ್ಲಿ ಬೀಜದ ಸುತ್ತಲಿನ ಲೋಳೆಗೆ ಇದೇ ಜಾತಿಯ ಬಣ್ಣವಿದ್ದರೆ, ಅದರ ಸುತ್ತಲಿನ ಕಿತ್ತಳೆ ತಿರುಳಿನಲ್ಲಿ ದೇಹವು ವಿಟಮಿನ್ ಎ ಆಗಿ ಮಾರ್ಪಡಿಸಿಕೊಳ್ಳುವ ಕ್ಯಾರೊಟಿನ್ ಇದೆ. ಕ್ಯಾರೊಟಿನ್ ಮೈಗೆ ಹತ್ತಬೇಕಾದರೆ ಜೊತೆಗೆ ಸ್ವಲ್ಪ ಎಣ್ಣೆಯ ಅಂಶ ಬೇಕು. ಹಾಗಾಗಿ ಟಮರಿಲೊವನ್ನು ಹಣ್ಣಿನ ಬುಟ್ಟಿಯಲ್ಲಿಡುವುದಕ್ಕಿಂತ ಒಗ್ಗರಣೆಯ ಸೌಟಿನ ಪಕ್ಕದಲ್ಲಿಡುವುದೇ ಸರಿ ಎಂದು ನನಗೆ ಅನಿಸಿತು.

ಅದರ ಸಿಪ್ಪೆ ಬಹಳ ಕಹಿ. ಆದ್ದರಿಂದ ಭರ್ತಕ್ಕೆ ಬದನೆಕಾಯಿ ಸುಡುವಂತೆ ಅದನ್ನು ಒಲೆಯ ಉರಿಯ ಮೇಲೆ ತಿರುಗಿಸುತ್ತ ಸುಟ್ಟು, ಸಿಪ್ಪೆ ಸುಲಿದು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಸೇರಿಸಿ ಕಲ್ಲಿನಲ್ಲಿ ಕುಟ್ಟಿದೆ. ಮೇಲೆ ಶೇಂಗಾ ಎಣ್ಣೆಯ ಒಗ್ಗರಣೆ ಕೊಟ್ಟೆ. ಸಿಕ್ಕಿಂ, ಡಾರ್ಜಿಲಿಂಗ್ ಕಡೆಯ ಮನೆಗಳಲ್ಲಿಯೂ ಈ ಹಣ್ಣನ್ನು ಹೀಗೆ ಸುಟ್ಟು ಚಟ್ನಿ ಮಾಡುತ್ತಾರೆ. ಬೆಂಕಿಯಿಂದ ವಿಟಮಿನ್ ಸಿ ಒಂದಿಷ್ಟು ನಷ್ಟವಾಗುವುದು ನಿಜ. ಅದು ಬೇಕೆನ್ನುವವರು ಹಣ್ಣನ್ನು ಎರಡು ಹೋಳು ಮಾಡಿ, ತಿರುಳನ್ನು ಚಮಚದಿಂದ ತೋಡಿ ಹಸಿಯಾಗಿಯೇ ತಿನ್ನಬಹುದು. ಹುಣಸೆಹಣ್ಣು ಹಾಕದೆಯೇ ಚಟ್ನಿಗೆ ಬೇಕಾದ ಹುಳಿ ಬಂದಿತ್ತು, ಜೋಳದ ರೊಟ್ಟಿಗೆ ಅದು ಚೆನ್ನಾಗಿ ಒಪ್ಪಿತು.

ಬಾಳಿಕೆಯಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ. ಟಮರಿಲೊ ಫ್ರಿಜ್ಜಿನಲ್ಲಿ ವಾರಗಟ್ಟಲೆ ಕೆಡದೆ ಉಳಿಯುತ್ತದೆ. ತಾಜಾ ಬ್ಲ್ಯಾಕ್‌ಬೆರಿ ಎರಡು ಮೂರು ದಿನದಲ್ಲಿ ಬೂಸು ಹಿಡಿಯುತ್ತದೆ, ಕಿತ್ತ ಮೇಲೆ ಮಾಗುವುದೂ ಇಲ್ಲ. ನಮ್ಮ ಊರಿಗೆ ಹೆಪ್ಪುಗಟ್ಟಿಸಿದ್ದೇ ಬರಬೇಕಾದದ್ದು ಅದಕ್ಕಾಗಿಯೇ. ಇವುಗಳನ್ನು ಇಲ್ಲೇ ಬೆಳೆಯುವ ಆಸೆ ಬೇಡ. ಬ್ಲ್ಯಾಕ್‌ಬೆರಿಗೆ ಚಳಿಗಾಲದಲ್ಲಿ ನೂರಾರು ಗಂಟೆಗಳ ಕೊರೆಯುವ ಚಳಿ ಬೇಕು, ಟಮರಿಲೊಗೆ ಬೆಟ್ಟದ ತಂಪು ಬೇಕು. ಅದರ ಬೀಜಗಳನ್ನು ಕುಂಡದಲ್ಲಿ ಬಿತ್ತಿದಾಗ ಸುಲಭವಾಗಿ ಮೊಳೆತು ಅಗಲವಾದ ಎಲೆಗಳನ್ನು ಬಿಟ್ಟವು; ಏಪ್ರಿಲ್‌ನ ಬಿಸಿಲಿಗೆ, ದಿನಕ್ಕೆ ಎರಡು ಸಲ ನೀರು ಹಾಕಿದರೂ, ಒಂದು ಸಸಿಯೂ ಉಳಿಯಲಿಲ್ಲ.

ಅವ್ವನಿಗೆ ಎರಡನ್ನೂ ಕೊಟ್ಟೆವು. ನಾರು ಹೆಚ್ಚು, ಸಕ್ಕರೆ ಕಡಿಮೆ ಎಂದು ನಾನು ಮೊದಲು ಆರಿಸಿದ್ದು ಬ್ಲ್ಯಾಕ್‌ಬೆರಿಯನ್ನೇ. ಒಂದು ಸಣ್ಣ ಬಟ್ಟಲಿನಷ್ಟು ಹಣ್ಣನ್ನು ಸಕ್ಕರೆ ಹಾಕದೆ ಮೊಸರಿನಲ್ಲಿ ಕಲಸಿ ಕೊಟ್ಟೆ. ಆದರೆ ಅದರ ಬೀಜಗಳು ಅವರ ಕಟ್ಟಿಸಿದ ಹಲ್ಲಿನ ಕೆಳಗೆ ಸಿಕ್ಕಿಕೊಂಡು ನೋಯಿಸಿದವು. ಕಲ್ಲಿನಲ್ಲಿ ಕುಟ್ಟಿದ ಟಮರಿಲೊ ಚಟ್ನಿ ಮಾತ್ರ ಸಲೀಸಾಗಿ ಇಳಿಯಿತು. ಉಳಿದ ಬ್ಲ್ಯಾಕ್‌ಬೆರಿಯನ್ನು ಮಕ್ಕಳಿಗೆ ಬಿಟ್ಟು, ಮಿಕ್ಕ ಟಮರಿಲೊಗಳನ್ನು ಅವ್ವನಿಗಾಗಿ ಎತ್ತಿಟ್ಟೆವು.