ದೀಪಾವಳಿ ಡೈರಿ ಸೆಟ್: ಮೂರನೇ ವಾರ, ನೇರಳೆ ಮರದವರೆಗೆ

ಗೆಳೆಯನ ಮನೆಯವರದು ಸಗಟು ದಿನಸಿ ವ್ಯಾಪಾರ. ದೀಪಾವಳಿಗೆ ಗಿರಾಕಿಗಳಿಗೆ ಕೊಡಲು ಡೈರಿ, ಲಕೋಟೆ, ಬರೆಯುವ ಪ್ಯಾಡು ಬೇಕಂತೆ, ವಿನ್ಯಾಸ ನನ್ನದು. ದಿಗಂಬರ ಜೈನರು, ‘ನಮ್ಮತನ ಕಾಣಬೇಕು’ ಅಂದಿದ್ದರು. ನಾನು ಮೊದಲ ಕರಡಿನಲ್ಲೇ ಎಡವಿದೆ. 1974–75ರಲ್ಲಿ, ಮಹಾವೀರರ ನಿರ್ವಾಣದ 2500ನೇ ವರ್ಷಾಚರಣೆಯ ಹೊತ್ತಿಗೆ ರೂಪುಗೊಂಡ ಜೈನ ಲಾಂಛನ ಇದೆಯಲ್ಲ, ಅಂಗೈಯಲ್ಲಿ ಚಕ್ರ, ಮೇಲೆ ಸ್ವಸ್ತಿಕ, ಅದನ್ನು ಎಲ್ಲದರ ಮೇಲೂ ಒತ್ತಿಬಿಟ್ಟಿದ್ದೆ. ಗೆಳೆಯನ ಅಮ್ಮ ಲಕೋಟೆ ತಿರುಗಿಸಿ ನೋಡಿ, ‘ಇದನ್ನ ಹರಿದು ಕಸಕ್ಕೆ ಹಾಕ್ತಾರಲ್ಲಪ್ಪ’ ಅಂದರು. ಅಲ್ಲಿಗೆ ಮುಗಿಯಿತು. ಹರಿಯುವ, ಎಸೆಯುವ ಯಾವುದರ ಮೇಲೂ ಲಾಂಛನ ಇಲ್ಲ, ಜೈನರ ಮುಖ್ಯ ಪ್ರಾರ್ಥನೆಯಾದ ಣಮೋಕಾರ ಮಂತ್ರ ಇಲ್ಲ, ಜಿನಬಿಂಬವಂತೂ (ತೀರ್ಥಂಕರರ ಮೂರ್ತಿ) ಇಲ್ಲವೇ ಇಲ್ಲ. ಲಾಂಛನ ಈಗ ಡೈರಿಯ ಒಳಪುಟದಲ್ಲಿ ಒಂದೇ ಕಡೆ.

ಆಮೇಲೆ ಅಷ್ಟಮಂಗಲ, ಅಂದರೆ ಎಂಟು ಶುಭ ಚಿಹ್ನೆಗಳು. ಇಂಟರ್ನೆಟ್ಟಿನಲ್ಲಿ ಸಿಕ್ಕ ಗುಚ್ಛದಲ್ಲಿ ಜೋಡಿ ಮೀನು ಇತ್ತು, ಅದು ಜೈನರ ಇನ್ನೊಂದು ಪಂಗಡವಾದ ಶ್ವೇತಾಂಬರರ ಪಟ್ಟಿ. ದಿಗಂಬರರದು ಬೇರೆ: ಛತ್ರ, ಚಾಮರ, ಧ್ವಜ, ಕಲಶ, ಭೃಂಗಾರ, ದರ್ಪಣ, ಬೀಸಣಿಗೆ, ಸುಪ್ರತಿಷ್ಠ. ಎಂಟನ್ನೂ ಸಣ್ಣ ಗೆರೆಯಲ್ಲಿ ಬರೆದೆ. ದರ್ಪಣ, ಬೀಸಣಿಗೆ ಅಕ್ಕಪಕ್ಕ ಇಟ್ಟರೆ ಎರಡು ಟೇಬಲ್ ಟೆನಿಸ್ ಬ್ಯಾಟು! ಆ ಯೋಚನೆಯನ್ನೇ ಬಿಟ್ಟೆ.

ಶ್ರವಣಬೆಳಗೊಳದ ಮಠದ ಗೋಡೆಯಲ್ಲಿ ಲೇಶ್ಯಾವೃಕ್ಷದ, ಅಂದರೆ ಮನೋಭಾವದ ಬಣ್ಣ ಹೇಳುವ ಮರದ, ಚಿತ್ರ ಇದೆ. ಹಸಿದ ಆರು ಜನ, ಹಣ್ಣು ತುಂಬಿದ ನೇರಳೆ ಮರ. ಒಬ್ಬನಿಗೆ ಬುಡವನ್ನೇ ಕಡಿಯುವ ಆಸೆ, ಇನ್ನೊಬ್ಬನಿಗೆ ದೊಡ್ಡ ಕೊಂಬೆ, ಮತ್ತೊಬ್ಬನಿಗೆ ರೆಂಬೆ, ನಾಲ್ಕನೆಯವನಿಗೆ ಗೊಂಚಲು, ಐದನೆಯವನಿಗೆ ಹಣ್ಣು ಮಾತ್ರ. ಆರನೆಯವನು ಬಿದ್ದದ್ದನ್ನು ಆಯ್ದುಕೊಳ್ಳುತ್ತಾನೆ. ಮನೋಭಾವಕ್ಕೆ ತಕ್ಕ ಬಣ್ಣ: ಕೃಷ್ಣ (ಕಪ್ಪು), ನೀಲ, ಕಪೋತ (ಪಾರಿವಾಳದ ಬೂದಿ), ಪೀತ (ಹಳದಿ), ಪದ್ಮ (ತಾವರೆಯ ಬಣ್ಣ), ಶುಕ್ಲ (ಬಿಳಿ). ಪುಟ ಗುರುತಿಸುವ ಅಂಟುಚೀಟಿಗೆ ಆರು ಬಣ್ಣ ತಾನಾಗೇ ಸಿಕ್ಕಿತು. ವ್ಯಾಪಾರಿಗಳ ಮೇಜಿಗೆ ಇದಕ್ಕಿಂತ ಒಳ್ಳೆಯ ಚಿತ್ರ ನನಗೆ ಹೊಳೆಯಲಿಲ್ಲ. (ಮರ ಕಡಿಯಬೇಡ ಅನ್ನುವ ಕಥೆಯನ್ನು ಕಾಗದದ ಮೇಲೆ ಅಚ್ಚು ಹಾಕುವುದು ಸರಿಯೇ ಅಂತ ಗೆಳೆಯ ಕೆಣಕಿದ. ಹತ್ತಿಚಿಂದಿಯ ಕಾಗದಕ್ಕೆ ಬದಲಾಯಿಸಿದೆ.)

ಮೊದಲ ಪ್ರೂಫಿನಲ್ಲಿ ನೀಲವೂ ಕಪೋತವೂ ಒಂದೇ ಥರ ಮಂಕಾಗಿ ಬಂದವು. ಪಾರಿವಾಳದ ಬೂದಿಗೆ ನೀಲಿ ಅಂಶ ಇಳಿಸಿ, ಚೂರು ಕೆಂಪು ಬೆರೆಸಿದ ಮೇಲೆ ಬೇರೆಯಾದವು. ಕೃಷ್ಣದ ಚೀಟಿ ಮೇಲೆ ಪೆನ್ನು ಕಾಣುವುದಿಲ್ಲ. ಅದಕ್ಕೆ ತುದಿಗೆ ಮಾತ್ರ ಕಪ್ಪು, ಉಳಿದದ್ದು ಬಿಳಿ.

ಡೈರಿ ಜನವರಿಯಿಂದಲ್ಲ, ದೀಪಾವಳಿಯ ಮರುದಿನದಿಂದ ಶುರು. ಮಹಾವೀರರ ನಿರ್ವಾಣದಿಂದ ಎಣಿಸುವ ವೀರ ನಿರ್ವಾಣ ಸಂವತ್ತಿನ ವರ್ಷ ತಿರುಗುವುದೂ, ಅಂಗಡಿಯ ಹೊಸ ಲೆಕ್ಕದ ಪುಸ್ತಕ ತೆರೆಯುವುದೂ ಆಗಲೇ. ವ್ರತದ ದಿನಗಳಾದ ಅಷ್ಟಮಿ, ಚತುರ್ದಶಿಗೆ ಮೂಲೆಯಲ್ಲಿ ಚಿಕ್ಕ ಚುಕ್ಕೆ. ದಿನದಿನದ ಸೂರ್ಯಾಸ್ತದ ಸಮಯವನ್ನೂ ಹಾಕಿದ್ದೇನೆ. ರಾತ್ರಿ ಊಟ ಬಿಟ್ಟವರಿಗೆ ಅದಕ್ಕಿಂತ ಉಪಯುಕ್ತವಾದ ಸಾಲು ಡೈರಿಯಲ್ಲಿ ಇನ್ನೊಂದಿಲ್ಲ. ಹೊದಿಕೆ ಚರ್ಮದ್ದಲ್ಲ, ಖಾದಿ ಬಟ್ಟೆ. ಬೈಂಡರ್ ಹತ್ತಿರ ಅಂಟಿನ ಬಗ್ಗೆಯೂ ಕೇಳಿದೆ. ಮೂಳೆ, ಚರ್ಮ ಕುದಿಸಿ ಮಾಡುವ ಸರೇಸು ಬೇಡ ಅಂದದ್ದಕ್ಕೆ ಅವರು ನಕ್ಕು, ಬಿಳಿ ಸಿಂಥೆಟಿಕ್ ಅಂಟಿನ ಡಬ್ಬಿ ತೋರಿಸಿದರು.

ನಿನ್ನೆ ಎರಡನೇ ಪ್ರೂಫ್ ಗೆಳೆಯನ ಅಮ್ಮನ ಕೈಗೆ ಕೊಟ್ಟೆ. ಕನ್ನಡಕ ಏರಿಸಿ, ಮರದ ಕೆಳಗೆ ಬೆರಳಿಟ್ಟು, ‘ಇವನು ಏನನ್ನ ಆಯ್ತಾ ಇದಾನೆ?’ ಅಂದರು. ನೋಡಿದರೆ ನೆಲದ ಮೇಲೆ ಒಂದು ಹಣ್ಣೂ ಬರೆದಿಲ್ಲ ನಾನು. ನಾಳೆ ಏಳೆಂಟು ನೇರಳೆ ಉದುರಿಸಬೇಕು.