ಜೀಪಿನ ಬದಲು ಕಾರು

ಮೂರ್ನಾಡಿನ ಸುತ್ತಮುತ್ತ ತೋಟದ ಮನೆಗಳಲ್ಲಿ ಮಕ್ಕಳು ಗೇರು ಹಾಕಲು ಕಲಿಯುವುದು ಸಾಮಾನ್ಯವಾಗಿ ಜೀಪಿನಲ್ಲಿ, ಅದೂ ಕಾಫಿ ಒಣಗಿಸುವ ಕಣದಲ್ಲಿ. ನಾನು ಕಲಿತದ್ದೂ ಹಾಗೆಯೇ. ಆದ್ದರಿಂದ ಮಗಳಿಗೆ ಹದಿನೆಂಟು ತುಂಬಿ, ಅವಳ ಕೈಗೆ ಎಲ್‌ಎಲ್‌ಆರ್ (ಕಲಿಕಾ ಪರವಾನಗಿ) ಬಂದಾಗ, ಮಡಿಕೇರಿಯ ಕಾಲೇಜಿಗೆ ಹೋಗಿಬರಲು ನಮ್ಮ ಹಳೆಯ ಜೀಪನ್ನೇ ಕೊಟ್ಟರಾಯಿತು ಎಂದುಕೊಂಡಿದ್ದೆ. ದಪ್ಪ ತಗಡು, ಎತ್ತರದ ಗಾಡಿ, ಯಾವುದಕ್ಕೆ ಗುದ್ದಿದರೂ ಗುದ್ದಿಸಿಕೊಂಡದ್ದಕ್ಕೇ ಪೆಟ್ಟು ಎಂಬ ನಂಬಿಕೆ ನನ್ನಲ್ಲಿ ಬೇರೂರಿತ್ತು. ಹದಿನೆಂಟಕ್ಕೆ ಮೊದಲು ಅವಳನ್ನು ಗೇಟಿನಿಂದಾಚೆಗೆ ಬಿಟ್ಟಿರಲಿಲ್ಲ ಎಂಬುದೊಂದೇ ನನ್ನ ಜಾಗ್ರತೆ. ಅಪ್ರಾಪ್ತರ ಕೈಗೆ ಗಾಡಿ ಕೊಟ್ಟು ಏನಾದರೂ ಆದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆಮನೆ, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು ಎಂದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಬಂದದ್ದನ್ನು ಓದಿದ್ದೆ.

ನನ್ನ ನಂಬಿಕೆಯನ್ನು ಕದಲಿಸಿದವರು ಅದೇ ಜೀಪನ್ನು ಇಪ್ಪತ್ತು ವರ್ಷದಿಂದ ರಿಪೇರಿ ಮಾಡುತ್ತಿರುವ ನಮ್ಮ ಮೆಕ್ಯಾನಿಕ್. "ಅಣ್ಣಾ, ಇದು ಗುದ್ದಿದರೆ ಜೀಪಿಗೆ ಏನೂ ಆಗುವುದಿಲ್ಲ, ಒಳಗಿರುವವರಿಗೇ ಎಲ್ಲ ಆಗುವುದು" ಎಂದರು. ಹೊಸ ಕಾರಿನ ಮೂತಿ ನಜ್ಜುಗುಜ್ಜಾಗುವುದು ಅದರ ದೋಷವಲ್ಲ, ಹೊಡೆತದ ಬಲವನ್ನು ತಾನೇ ನುಂಗಿಕೊಂಡು ಒಳಗಿನ ಕೋಣೆಯನ್ನು ಉಳಿಸುವುದಕ್ಕೆಂದೇ ಅದನ್ನು ಹಾಗೆ ಮಾಡಿರುತ್ತಾರೆ. ಜೀಪಿನಲ್ಲಿಯಾದರೋ ಆ ಬಲವೆಲ್ಲ ನೇರವಾಗಿ ಸ್ಟೀರಿಂಗಿನ ಮೂಲಕ ಎದೆಗೆ ಬರುತ್ತದೆ. ಏರ್‌ಬ್ಯಾಗ್ ಹಾಗಿರಲಿ, ನಮ್ಮದರಲ್ಲಿ ನೆಟ್ಟಗಿನ ಬೆಲ್ಟೂ ಇಲ್ಲ.

ಹೀಗೆ ಮೇ ತಿಂಗಳ ಒಂದು ಭಾನುವಾರ, ಮಳೆ ಹಿಡಿಯುವ ಮೊದಲೇ ಕೆಲಸ ಮುಗಿಸಬೇಕೆಂದು, ನಾನು, ಮಗಳು, ಮೆಕ್ಯಾನಿಕ್ ಮೂವರೂ ಬೆಳಗಾಗುತ್ತಲೇ ಹೊರಟೆವು. ಕಾಫಿ ಮಾರಿದ ಹಣದಲ್ಲಿ ಇದಕ್ಕೆಂದು ತೆಗೆದಿರಿಸಿದ್ದು ನಾಲ್ಕೂವರೆ ಲಕ್ಷ. ಆ ಹಣಕ್ಕೆ ಹೊಸ ಕಾರು ಕನಸಿನ ಮಾತು. ಹಳೆಯದರಲ್ಲಿ ಯಾವ ವರ್ಷದ್ದು ಎಂಬುದೇ ಪ್ರಶ್ನೆ. 2019ರ ಏಪ್ರಿಲ್‌ನಿಂದ ಎಲ್ಲ ಕಾರುಗಳಿಗೂ ಎಬಿಎಸ್ (ಜೋರಾಗಿ ಬ್ರೇಕ್ ತುಳಿದಾಗ ಚಕ್ರ ಸಿಲುಕಿ ಗಾಡಿ ಜಾರದಂತೆ ತಡೆಯುವ ವ್ಯವಸ್ಥೆ), ಅದೇ ಜುಲೈನಿಂದ ಚಾಲಕನ ಬದಿಗೆ ಏರ್‌ಬ್ಯಾಗ್ ಕಡ್ಡಾಯವಾಯಿತು. ಪಕ್ಕದವರಿಗೂ ಏರ್‌ಬ್ಯಾಗ್ ಇಲ್ಲದ ಕಾರು ಮಾರುವಂತಿಲ್ಲ ಎಂದಾದದ್ದು 2022ರ ಆರಂಭದಿಂದ. ಹಾಗಾಗಿ ಕಾರಿನ ಹೆಸರು ಕೇಳುವ ಮೊದಲು ಅದು ತಯಾರಾದ ತಿಂಗಳು ಕೇಳಬೇಕೆಂದು ಮಗಳು ಹಿಂದಿನ ರಾತ್ರಿಯೇ ನಿರ್ಧರಿಸಿದ್ದಳು.

ಮೊದಲ ನಿಲುಗಡೆ ನಮ್ಮ ಭಾವನ ಮನೆ. ಅವರ ಎಂಟು ಸೀಟಿನ ಹಳೆಯ ಗಾಡಿಯನ್ನು ಮೂರೂವರೆ ಲಕ್ಷಕ್ಕೆ ಕೊಡುತ್ತೇನೆ ಎಂದಿದ್ದರು. ಮಗಳು ಹತ್ತಿ ಕುಳಿತರೆ ಬಾನೆಟ್ಟಿನ ತುದಿ ಅವಳಿಗೆ ಕಾಣಿಸಲೇ ಇಲ್ಲ, ಕ್ಲಚ್ ತುಳಿಯಲು ಸೀಟನ್ನು ಮುಂದೆಳೆದರೆ ಸ್ಟೀರಿಂಗ್ ಎದೆಗೆ ತಾಗುವಂತಿತ್ತು; ಏರ್‌ಬ್ಯಾಗ್ ಇರುವ ಕಾರಿನಲ್ಲಿ ಎದೆಗೂ ಸ್ಟೀರಿಂಗಿಗೂ ಕನಿಷ್ಠ 25 ಸೆಂಟಿಮೀಟರ್ ಅಂತರ ಇರಬೇಕು. ತಿರುವುಗಳಲ್ಲಿ ಎತ್ತರದ ಗಾಡಿ ಮಗುಚುವ ಭಯವೂ ಹೆಚ್ಚು. ಇವೆಲ್ಲಕ್ಕಿಂತ ನನ್ನನ್ನು ಹೆದರಿಸಿದ್ದು ಎಂಟು ಸೀಟು: ಹೊಸದಾಗಿ ಓಡಿಸುವವಳ ಬೆನ್ನ ಹಿಂದೆ ಆರೇಳು ಗೆಳತಿಯರು ಕೂತು ಹಾಡಲಾರಂಭಿಸಿದರೆ ಬ್ರೇಕು ಎಷ್ಟು ಒಳ್ಳೆಯದಿದ್ದರೂ ಪ್ರಯೋಜನವಿಲ್ಲ. ಭಾವನಿಗೆ ಇದನ್ನು ಹೇಳದೆ, ಕಾಫಿ ಕುಡಿದು ಎದ್ದೆವು.

ಎರಡನೆಯದು ಕುಶಾಲನಗರದಲ್ಲಿ. ಬೆಲೆ ಅನುಮಾನ ಬರುವಷ್ಟು ಕಡಿಮೆ. "ಡಾಕ್ಟರ್ ಕೈಯಲ್ಲಿದ್ದ ಗಾಡಿ ಸರ್, ಸಿಂಗಲ್ ಓನರ್" ಎಂದು ಮಾರುವವರು ಹೇಳಿದರು (ಹಳೆಯ ಕಾರುಗಳೆಲ್ಲ ಡಾಕ್ಟರುಗಳ ಕೈಯಲ್ಲೇ ಇದ್ದವಾದರೆ ರೋಗಿಗಳನ್ನು ನೋಡಲು ಅವರಿಗೆ ಬಿಡುವೆಲ್ಲಿತ್ತೋ). ಮೆಕ್ಯಾನಿಕ್ ಎಂಜಿನ್ನಿನ ಕಡೆಗೆ ತಿರುಗಿಯೂ ನೋಡದೆ ಹಿಂದಿನ ಸೀಟಿನ ಬೆಲ್ಟನ್ನು ಕೊನೆಯವರೆಗೆ ಎಳೆದರು. ಕೊನೆಯ ಒಂದು ಗೇಣಿನಲ್ಲಿ ಕೆಸರಿನ ಗೆರೆ. ಸೀಟಿನ ಹಳಿಯಲ್ಲಿ ತುಕ್ಕು, ಮ್ಯಾಟಿನ ಅಡಿಯಲ್ಲಿ ಹಸಿ ವಾಸನೆ. 2018ರಲ್ಲಿಯೂ 2019ರಲ್ಲಿಯೂ ಕಾವೇರಿ ಉಕ್ಕಿ ಬಡಾವಣೆಗಳಿಗೆ ನುಗ್ಗಿದ ಊರಿನಲ್ಲಿ ನಿಂತು ಆ ಗೆರೆ ಎಲ್ಲಿಂದ ಬಂತೆಂದು ಕೇಳುವ ಅಗತ್ಯ ಬೀಳಲಿಲ್ಲ. ನೀರು ಕುಡಿದ ಕಾರಿನ ವೈರಿಂಗ್ ಯಾವತ್ತು ಕೈಕೊಡುತ್ತದೆಂದು ಹೇಳಲಾಗದು, ಏರ್‌ಬ್ಯಾಗಿಗೂ ಎಬಿಎಸ್‌ಗೂ ಆಸರೆ ಆ ವೈರಿಂಗೇ.

ಮಧ್ಯಾಹ್ನದ ಹೊತ್ತಿಗೆ ಮಡಿಕೇರಿಯಲ್ಲಿ ಒಬ್ಬ ನಿವೃತ್ತ ಮೇಷ್ಟರ ಮನೆಯಂಗಳದಲ್ಲಿ 2020ರ ಟಾಟಾ ಟಿಯಾಗೊ ಸಿಕ್ಕಿತು, 1.2 ಲೀಟರಿನ ಪೆಟ್ರೋಲು ಗಾಡಿ. ಆ ವರ್ಷದ ಜನವರಿಯಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯವರು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಗುದ್ದಿಸಿ ನೋಡಿದಾಗ ಐದರಲ್ಲಿ ದೊಡ್ಡವರ ರಕ್ಷಣೆಗೆ ನಾಲ್ಕು, ಮಕ್ಕಳ ರಕ್ಷಣೆಗೆ ಮೂರು ನಕ್ಷತ್ರ ಪಡೆದ ಮಾದರಿ. ಮುಂದೆ ಎರಡು ಏರ್‌ಬ್ಯಾಗ್. ಮಂಜಿನಲ್ಲಿ ಹಿಂದಿನ ಗಾಜು ಕಾಣಬೇಕಲ್ಲ ಎಂದು ಮಗಳು ಮೊದಲು ನೋಡಿದ್ದು ಹಿಂದಿನ ವೈಪರನ್ನು. ನನಗೆ ಅದು ಹೊಳೆದೇ ಇರಲಿಲ್ಲ. ಟೈರುಗಳ ಗೀರು ಚೆನ್ನಾಗಿಯೇ ಇತ್ತಾದರೂ ಮಗ್ಗುಲಲ್ಲಿದ್ದ ನಾಲ್ಕಂಕಿ "0820", ಅಂದರೆ 2020ರ ಎಂಟನೆಯ ವಾರದ ಮಾಲು. ರಬ್ಬರು ಗಟ್ಟಿಯಾಗಿ ಸಣ್ಣಗೆ ಬಿರುಕು ಬಿಟ್ಟಿತ್ತು, ಕೊಡಗಿನ ಜೂನ್ ತಿಂಗಳಿಗೆ ಅದು ಆಗದು. ನಾಲ್ಕೂ ಟೈರಿನ ಬೆಲೆ ಕಳೆಯಿರಿ ಎಂದಾಗ ಮೇಷ್ಟರು ಸ್ವಲ್ಪ ಯೋಚಿಸಿ ಹದಿನಾರು ಸಾವಿರ ಬಿಟ್ಟರು. ನಾಲ್ಕು ಲಕ್ಷಕ್ಕೆ ಮಾತು ಮುಗಿಯಿತು.

ಎಲ್ ಬೋರ್ಡ್ ಕಟ್ಟಿ, ಪಕ್ಕದಲ್ಲಿ ನಾನು ಕೂತು, ಅವಳಿಂದಲೇ ಏರಿನಲ್ಲಿ ನಿಲ್ಲಿಸಿ ಹೊರಡಿಸಿದೆ. ಎರಡು ಸಲ ಗಾಡಿ ಬಂದ್ ಬಿತ್ತು, ಹಿಂದೆ ಬಸ್ಸಿನವನು ಹಾರ್ನ್ ಬಾರಿಸಿದ, ಮೂರನೆಯ ಸಲ ಹ್ಯಾಂಡ್‌ಬ್ರೇಕ್ ಇಳಿಸಿದ ಕ್ಷಣಕ್ಕೇ ಕಾರು ಹಿಂದೆ ಜಾರದೆ ಮುಂದೆ ಸರಿಯಿತು. ಹೆಸರು ಬದಲಾವಣೆಗೆ ಫಾರಂ 29, 30ಕ್ಕೆ ಮರುದಿನವೇ ಸಹಿಯಾಯಿತು.

ಮುಂದಿನ ವಾರ ಭಾವ ಮನೆಗೆ ಬಂದರು. ಹೊಸ ಟೈರು ಹಾಕಿ ನಿಂತಿದ್ದ ಕಾರಿನ ಬಾನೆಟ್ಟನ್ನು ಬೆರಳಿನಿಂದ ತಟ್ಟಿ, "ತಗಡು ತೆಳು" ಎಂದರು. ಮಗಳು ಏನೂ ಹೇಳದೆ ಅವರಿಗೆ ಹಿಂದಿನ ಬಾಗಿಲು ತೆರೆದಳು. ಅವರು ಕುಳಿತ ಮೇಲೂ ಕಾರು ಹೊರಡಲಿಲ್ಲ. "ಮಾವ, ಬೆಲ್ಟ್" ಎಂದು ಕನ್ನಡಿಯಲ್ಲಿ ನೋಡುತ್ತಾ ಕಾದಳು, ಭಾವ ಗೊಣಗುತ್ತಾ ಅದರ ಕೊಂಡಿಗಾಗಿ ಸೀಟಿನ ಸಂದಿಯಲ್ಲಿ ಬಹಳ ಹೊತ್ತು ತಡಕಾಡಿದರು.