ಕೊನೆಯ ಪಂಕ್ತಿಗೆ ಮುನ್ನವೇ ಎತ್ತಿಡಬೇಕಾದ ಅನ್ನ

ತುಮಕೂರಿನವರಿಗೆ ಅನ್ನದಾನದ ಮಹತ್ವವನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಕ್ಯಾತ್ಸಂದ್ರದ ಬಳಿಯ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳಿಗೆ ನಡೆಯುವ ದಾಸೋಹ ಈ ಜಿಲ್ಲೆಯ ನಿತ್ಯದ ಸಂಗತಿ. ಡಾ. ಶಿವಕುಮಾರ ಸ್ವಾಮೀಜಿಯವರು 2019ರ ಜನವರಿ 21ರಂದು ಲಿಂಗೈಕ್ಯರಾದ ನಂತರದ ವರ್ಷಗಳಲ್ಲಿ ರಾಜ್ಯ ಸರ್ಕಾರ ಆ ದಿನವನ್ನೇ ದಾಸೋಹ ದಿನವೆಂದು ಘೋಷಿಸಿತು. ಆದರೂ ಇದೇ ಊರಿನ ಕಲ್ಯಾಣ ಮಂಟಪಗಳ ಹಿಂಬದಿಯಲ್ಲಿ, ಮುಹೂರ್ತದ ದಿನಗಳಲ್ಲಿ, ಯಾರ ಎಲೆಯನ್ನೂ ಮುಟ್ಟದ ಅನ್ನ ಕೊಪ್ಪರಿಗೆಗಟ್ಟಲೆ ಚೆಲ್ಲಿಹೋಗುತ್ತದೆ. ಕೊಡುವ ಮನಸ್ಸಿಲ್ಲದೆ ಹೀಗಾಗುತ್ತಿದೆ ಎಂದು ನಾನು ನಂಬುವುದಿಲ್ಲ. ಗೆಳೆಯರೊಂದಿಗೆ ಸೇರಿ ಮಂಟಪಗಳಲ್ಲಿ ಮಿಕ್ಕ ಅಡುಗೆಯನ್ನು ಸಂಗ್ರಹಿಸಿ ಹಂಚುತ್ತಾ ಬಂದಿರುವ ನನಗೆ ಕಂಡ ಮಟ್ಟಿಗೆ, ಅನ್ನ ಹಾಳಾಗುವುದು ಹೊತ್ತು ಮೀರುವುದರಿಂದ. ಹೊತ್ತು ಮೀರುವುದು, ಎತ್ತಿಡುವ ತೀರ್ಮಾನವನ್ನು ಊಟವೆಲ್ಲ ಮುಗಿದ ಮೇಲೆ ತೆಗೆದುಕೊಳ್ಳುವುದರಿಂದ.

ಮದುವೆ ಮನೆಯ ಗಡಿಯಾರವನ್ನು ಗಮನಿಸಿದರೆ ಇದು ತಿಳಿಯುತ್ತದೆ. ಅಡುಗೆ ಭಟ್ಟರು ಹನ್ನೊಂದು ಗಂಟೆಯ ಸುಮಾರಿಗೆ ಅನ್ನ ಬಸಿದು ಮುಚ್ಚಿಡುತ್ತಾರೆ. ಮೊದಲ ಪಂಕ್ತಿ ಕೂರುವುದು ಹನ್ನೆರಡೂವರೆಗೆ. ನೆಂಟರಿಷ್ಟರ ಊಟ ಮುಗಿದು, ಮನೆಯವರೂ ಬಡಿಸಿದವರೂ ಕುಳಿತು ಏಳುವಷ್ಟರಲ್ಲಿ ಮೂರೂವರೆ. ಆಗ ಯಾರಿಗೋ ನೆನಪಾಗಿ ನಮಗೆ ಫೋನ್ ಬರುತ್ತದೆ. ಬೇಯಿಸಿದ ಆಹಾರವನ್ನು ಸಾಮಾನ್ಯ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇಡಬಾರದು, ಬಿಸಿಯಾಗಿಡುವುದಾದರೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆಯೂ ತಣ್ಣಗಿಡುವುದಾದರೆ 5 ಡಿಗ್ರಿಗಿಂತ ಕೆಳಗೂ ಇಡಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮುಚ್ಚಿದ ಕೊಪ್ಪರಿಗೆಯ ನಡುಭಾಗದ ಅನ್ನ ಈ ಎರಡರ ನಡುವಿನ ಬೆಚ್ಚನೆಯ ಸ್ಥಿತಿಯಲ್ಲೇ ಗಂಟೆಗಟ್ಟಲೆ ಉಳಿಯುತ್ತದೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಣಗಳು ಕುದಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗಿರುವಾಗ ಮೊಳೆತು ಬೆಳೆಯುತ್ತವೆ, ಮತ್ತು ಅವು ಹುಟ್ಟಿಸುವ ವಾಂತಿಕಾರಕ ವಿಷವು ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಆದ್ದರಿಂದ ಮೂರೂವರೆಗೆ ಸಿಕ್ಕ ಅನ್ನವನ್ನು ಬಿಸಿ ಮಾಡಿ ಕೊಟ್ಟರಾಯಿತು ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಹಸಿದವರ ಹೊಟ್ಟೆ ನಮ್ಮ ಹೊಟ್ಟೆಗಿಂತ ಗಟ್ಟಿಯಾದುದಲ್ಲ. ಕೂಲಿಯವನೊಬ್ಬ ವಾಂತಿಭೇದಿಯಿಂದ ಮಲಗಿದರೆ ಆ ದಿನದ ಸಂಬಳ ಹೋಗುತ್ತದೆ, ಔಷಧಿಯ ಖರ್ಚು ಮೇಲೆ ಬೀಳುತ್ತದೆ; ನಾವು ಕೊಟ್ಟ ಊಟಕ್ಕಿಂತ ನಾವು ಮಾಡಿದ ನಷ್ಟವೇ ಹೆಚ್ಚಾಗುತ್ತದೆ.

ಎಲ್ಲ ಅಡುಗೆಯೂ ಒಂದೇ ಬಗೆಯಲ್ಲಿ ಕೆಡುವುದಿಲ್ಲ ಎನ್ನುವುದು ನಮ್ಮ ಮನೆಗಳ ಹಿರಿಯ ಹೆಂಗಸರಿಗೆ ಮೊದಲಿನಿಂದಲೂ ಗೊತ್ತಿರುವ ವಿಷಯ. ಹುಣಸೆಹುಳಿಯ ಗೊಜ್ಜು ಕಲೆಸಿದ ಪುಳಿಯೋಗರೆ ಬೆಳಗಿನಿಂದ ಸಂಜೆಯವರೆಗೆ ತಾಳುತ್ತದೆಂದೇ ಪ್ರಯಾಣಕ್ಕೆ ಅದನ್ನು ಕಟ್ಟಿಕೊಡುತ್ತಿದ್ದರು. ಹಸಿ ತೆಂಗಿನಕಾಯಿ ತುರಿ ಬಿದ್ದ ಕೋಸಂಬರಿ, ಪಲ್ಯ, ಚಟ್ನಿ, ಮಜ್ಜಿಗೆ ಹುಳಿ, ಹಾಲಿನ ಪಾಯಸ ಇವು ಬೇಸಿಗೆಯ ಮಧ್ಯಾಹ್ನವನ್ನು ದಾಟುವುದಿಲ್ಲ. ಆದ್ದರಿಂದ ನಾವು ಇವನ್ನು ಎಷ್ಟೇ ಒತ್ತಾಯ ಮಾಡಿದರೂ ಮುಟ್ಟುವುದಿಲ್ಲ. ಚಪಾತಿ, ಬೂಂದಿ, ಲಾಡು, ಹೋಳಿಗೆ, ಒಲೆಯ ಮೇಲೆ ಇನ್ನೂ ಕುದಿಯುತ್ತಿರುವ ಸಾರು ಇವನ್ನು ಸಂತೋಷದಿಂದ ತೆಗೆದುಕೊಳ್ಳುತ್ತೇವೆ. ಅನ್ನವನ್ನಾದರೆ ಬಡಿಸಲು ಆರಂಭಿಸುವ ಮೊದಲೇ ಬೇರೆ ಪಾತ್ರೆಗೆ ತೆಗೆದಿಟ್ಟಿದ್ದರೆ ಮಾತ್ರ. ಬೀಗರೂಟದ ಮಾಂಸದಡುಗೆಯ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅದು ಏನೆಂದು ತೆಗೆದುಕೊಳ್ಳುವವರಿಗೆ ಮೊದಲೇ ಸ್ಪಷ್ಟವಾಗಿ ಹೇಳಬೇಕು.

ರಾತ್ರಿಯ ಆರತಕ್ಷತೆಯ ಊಟ ಇದಕ್ಕಿಂತ ಕಷ್ಟದ್ದು. ಹತ್ತೂವರೆ, ಹನ್ನೊಂದಕ್ಕೆ ಊಟ ಮುಗಿದಾಗ ಬಡಾವಣೆಗಳ ಆಚೆಯ ಗುಡಾರಗಳಲ್ಲಿ ಮಕ್ಕಳು ಅರೆಹೊಟ್ಟೆಯಲ್ಲೇ ಮಲಗಿ ನಿದ್ದೆ ಹೋಗಿರುತ್ತಾರೆ, ಅವರನ್ನು ಎಬ್ಬಿಸಿ ಉಣ್ಣಿಸುವುದು ನನಗೆ ಸರಿಯೆನಿಸುವುದಿಲ್ಲ. ಆ ಹೊತ್ತಿನಲ್ಲಿ ಎಚ್ಚರವಿರುವವರು ಜಿಲ್ಲಾಸ್ಪತ್ರೆಯಲ್ಲಿ ರೋಗಿಗಳ ಜೊತೆ ಬಂದವರು. ಆಸ್ಪತ್ರೆಯ ಊಟ ರೋಗಿಗೆ. ಪಾವಗಡದಿಂದಲೋ ಮಧುಗಿರಿಯಿಂದಲೋ ಹೆರಿಗೆಗೆ ಮಗಳನ್ನು ಕರೆತಂದ ತಾಯಿ ಕಾರಿಡಾರಿನಲ್ಲಿ ಬನ್ನು, ಟೀಯಲ್ಲಿ ರಾತ್ರಿ ಕಳೆಯುತ್ತಾಳೆ. ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಆ ಹೊತ್ತಿಗೆ ಪಾಳಿ ಮುಗಿಸಿ ಬರುವ ಹೊರರಾಜ್ಯದ ಕಾರ್ಮಿಕರೂ ಅಷ್ಟೇ. ಹಾಸ್ಟೆಲುಗಳ ವಾರ್ಡನ್ನರು ಹೊರಗಿನ ಬೇಯಿಸಿದ ಊಟವನ್ನು ನಿರಾಕರಿಸುತ್ತಾರೆ. ಮಕ್ಕಳ ಹೊಣೆ ಹೊತ್ತವರು ಹಾಗೆ ಮಾಡುವುದೇ ಸರಿ.

ಇಷ್ಟೆಲ್ಲ ಮಾಡಿದರೂ ಮದುವೆ ಊಟವನ್ನೇ ನಂಬಿದ ವ್ಯವಸ್ಥೆ ಹಸಿವಿಗೆ ಉತ್ತರವಾಗಲಾರದು. ಹಸಿವು ದಿನವೂ ಬರುತ್ತದೆ, ಮುಹೂರ್ತ ದಿನವೂ ಇರುವುದಿಲ್ಲ. ವೈಶಾಖದ ಒಂದೇ ಭಾನುವಾರ ಊರಿನ ಎಲ್ಲ ಮಂಟಪಗಳಿಂದಲೂ ಕರೆ ಬರುತ್ತದೆ. ಆಷಾಢದಲ್ಲಿಯೂ ಧನುರ್ಮಾಸದಲ್ಲಿಯೂ ಒಂದು ಕರೆಯೂ ಇಲ್ಲ. ಹೀಗಾಗಿಯೇ ಬೇಯಿಸಿದ ಅನ್ನದ ಜೊತೆಗೆ, ಮಿಕ್ಕ ದಿನಸಿಯನ್ನು ಕೂಡಿಟ್ಟು ಬೇಕಾದವರಿಗೆ ಹಂಚುವ ಒಂದು ಆಹಾರ ಬ್ಯಾಂಕ್ ಬೇಕೆಂದು ನಾನು ವಾದಿಸುತ್ತಿರುವುದು. ಅಮೆರಿಕದ ಫೀನಿಕ್ಸ್ ನಗರದಲ್ಲಿ 1967ರಲ್ಲಿ ಜಾನ್ ವ್ಯಾನ್ ಹೆಂಗೆಲ್ ಎಂಬವರು ಆರಂಭಿಸಿದ ಮೊದಲ ಆಹಾರ ಬ್ಯಾಂಕ್ ನಿಂತದ್ದು ಅಂಗಡಿಗಳು ಮಾರಲಾಗದೆ ಬಿಸಾಡುತ್ತಿದ್ದ, ಆದರೆ ತಿನ್ನಲು ಯೋಗ್ಯವಾಗಿದ್ದ ದಿನಸಿಯ ಮೇಲೆ. ನಮ್ಮಲ್ಲಿ ಅಂಥ ದಿನಸಿ ಇಲ್ಲವೇ? ಮದುವೆ ಮುಗಿದಾಗ ಉಗ್ರಾಣದಲ್ಲಿ ಬಾಯಿ ಬಿಚ್ಚದ ಅಕ್ಕಿ ಮೂಟೆ, ತೊಗರಿಬೇಳೆ, ಎಣ್ಣೆ ಡಬ್ಬ, ರವೆ, ತೆಂಗಿನಕಾಯಿ ಉಳಿಯುತ್ತವೆ. ಅಂತರಸನಹಳ್ಳಿಯ ಮಾರುಕಟ್ಟೆಯಲ್ಲಿ ಬಿಕರಿಯಾಗದ ಕುಂಬಳಕಾಯಿ, ಎಲೆಕೋಸು, ಮೂಲಂಗಿ ಉಳಿಯುತ್ತವೆ. ಇವು ಒಂದು ರಾತ್ರಿ ಕಾಯಬಲ್ಲವು. ಗಾಳಿಯಾಡುವ ಒಂದು ಕೋಣೆ, ಇಲಿ ಹೆಗ್ಗಣ ಬಾರದಂತೆ ಮುಚ್ಚುವ ಡ್ರಮ್ಮುಗಳು, ಬಂದದ್ದನ್ನೂ ಹೋದದ್ದನ್ನೂ ಬರೆಯುವ ಒಂದು ಪುಸ್ತಕ ಇದ್ದರೆ ವೈಶಾಖದ ಅಕ್ಕಿಯನ್ನು ಆಷಾಢಕ್ಕೆ ದಾಟಿಸಬಹುದು. ಒಣ ಪಡಿತರವನ್ನು ಪಡೆದ ಮನೆಯವರು ತಮಗೆ ಬೇಕಾದಾಗ, ತಮಗೆ ರುಚಿಸುವಂತೆ, ತಮ್ಮ ಒಲೆಯಲ್ಲೇ ಬೇಯಿಸಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ಇದು ಉಳಿದೆಲ್ಲ ಅನುಕೂಲಗಳಿಗಿಂತ ದೊಡ್ಡದು.

ಈ ಕೆಲಸಕ್ಕೆ ಕಾನೂನಿನ ಚೌಕಟ್ಟೂ ಇದೆ. ಹೆಚ್ಚುವರಿ ಆಹಾರದ ಸಂಗ್ರಹ ಮತ್ತು ವಿತರಣೆಯ ಬಗ್ಗೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2019ರಲ್ಲಿ ನಿಯಮಾವಳಿಯನ್ನು ಹೊರಡಿಸಿದೆ. ಹಂಚುವ ಸಂಸ್ಥೆ ನೋಂದಾಯಿಸಿಕೊಂಡಿರಬೇಕು, ದಾಖಲೆ ಇಡಬೇಕು. ಇದನ್ನು ಕಿರಿಕಿರಿ ಎಂದು ಬಗೆಯುವವರಿದ್ದಾರೆ. ನಾನು ಹಾಗೆ ಬಗೆಯುವುದಿಲ್ಲ, ಏಕೆಂದರೆ ಯಾವ ಪಾತ್ರೆ ಎಲ್ಲಿಂದ ಎಷ್ಟು ಹೊತ್ತಿಗೆ ಬಂತು ಎಂದು ಬರೆದಿಟ್ಟಾಗಲೇ ನಾವು ಉಣ್ಣುವವರಿಗೆ ಉತ್ತರ ಹೇಳಬಲ್ಲವರಾಗುತ್ತೇವೆ. ಬೆಂಗಳೂರಿನ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಉತ್ತಮ ಆಹಾರ ವ್ಯರ್ಥವಾಗುತ್ತದೆ ಎಂದು ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ತಂಡ 2012ರಲ್ಲಿ ಲೆಕ್ಕ ಹಾಕಿತ್ತು. ತುಮಕೂರಿಗೂ ಅಂಥದೊಂದು ಲೆಕ್ಕ ಬೇಕು.

ಫೋಟೊ ತೆಗೆಯುವುದನ್ನು ನಾವು ಮೊದಲಿನಿಂದಲೂ ದೂರವಿಟ್ಟಿದ್ದೇವೆ. ಬಿಸಿ ಸಾರನ್ನು ಪ್ಲಾಸ್ಟಿಕ್ ಚೀಲಕ್ಕೆ ಸುರಿಯುವುದನ್ನೂ ಅಷ್ಟೇ. ಮುಚ್ಚಳದ ಸ್ಟೀಲ್ ಪಾತ್ರೆ, ಮುತ್ತುಗದ ಎಲೆ, ಕುಡಿಯುವ ನೀರು ಜೊತೆಗೆ ಹೋಗಬೇಕು.

ಮದುವೆ ಮಾಡುವ ಮನೆಯವರಲ್ಲಿ ನನ್ನ ಕೋರಿಕೆ ಇಷ್ಟು. ಅಡುಗೆಯವರಿಗೆ ಮುಂಗಡ ಕೊಡುವ ದಿನವೇ, ಎಸರಿಗೆ ಅಕ್ಕಿಯನ್ನು ಒಮ್ಮೆಲೇ ಹಾಕದೆ ಎರಡು ಸರದಿಯಲ್ಲಿ ಹಾಕುವಂತೆ ಹೇಳಿರಿ. ಎರಡನೆಯ ಪಂಕ್ತಿಯಲ್ಲಿ ಕುಳಿತವರನ್ನು ನೋಡಿ ಎರಡನೆಯ ಸರದಿ ಬೇಕೋ ಬೇಡವೋ ಎಂದು ಭಟ್ಟರೇ ತೀರ್ಮಾನಿಸಲಿ, ಬೇಯಿಸದ ಅಕ್ಕಿ ಅಕ್ಕಿಯಾಗಿಯೇ ಉಳಿಯಲಿ. ಮನೆಯ ಒಬ್ಬರಿಗೆ, ಧಾರೆಯ ಓಡಾಟವಿಲ್ಲದ ಚಿಕ್ಕಪ್ಪನಿಗೋ ಸೋದರಮಾವನಿಗೋ, ಇದೊಂದೇ ಕೆಲಸವನ್ನು ಒಪ್ಪಿಸಿರಿ. ಒಂದೂವರೆ ಗಂಟೆಗೆ ಅವರು ಅಡುಗೆ ಮನೆಗೆ ಹೋಗಿ, ಇನ್ನೂ ಎಷ್ಟು ಜನ ಉಣ್ಣಬೇಕಿದೆ ಎಂದು ಕೇಳಿ, ಹೆಚ್ಚಾಗುವುದೆಂದು ಕಂಡರೆ ಆಗಲೇ ನಮಗೆ ಫೋನ್ ಮಾಡಲಿ. ಗಡಿಯಾರ ಎರಡು ಹೊಡೆಯುವುದರೊಳಗೆ ನಮ್ಮ ಗಾಡಿ ಮಂಟಪದ ಹಿಂಬಾಗಿಲಿನಲ್ಲಿರುತ್ತದೆ.